ಯಾರ ಮನೆಯ ಕೆಂಡ

ಆಗೆಲ್ಲ ನಮ್ಮ ಒಲೆ ಹೊತ್ತುತ್ತಿದ್ದುದು ನೆರೆಮನೆಯವರ ದಯೆಯಿಂದ. ಯುದ್ಧದ ದಿನಗಳು, ಶಿರಾದ ಅಂಗಡಿಗಳಲ್ಲಿ ಬೆಂಕಿಪೊಟ್ಟಣವೇ ಸಿಗುತ್ತಿರಲಿಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಕೆದಕಿ ಊದಬೇಕು. ಆರಿಹೋಗಿದ್ದರೆ ಒಡೆದ ಮಡಕೆಯ ಬೋಕಿ ಹಿಡಿದು ಬೆಂಕಿ ಕೇಳಲು ಹೋಗಬೇಕು. ನಮ್ಮ ಮನೆಯಲ್ಲಿ ಅದು ಒಂಬತ್ತು ವರ್ಷದ ನನ್ನ ಕೆಲಸ.

ಕಣ್ಣು ಮುಚ್ಚಿಕೊಂಡು ನಡೆದರೂ ನಮ್ಮ ಬೀದಿಯಲ್ಲಿ ಯಾರ ಬಾಗಿಲೆಂದು ಹೇಳಬಹುದಿತ್ತು. ನಮ್ಮ ಮನೆಯ ಮುಂದೆ ಬೇಯುವ ಹುರುಳಿಯ ವಾಸನೆ, ನೇಕಾರರ ಮನೆಯಲ್ಲಿ ಗಂಜಿ ಹಾಕಿದ ನೂಲಿನದು, ಬೀದಿಯ ತುದಿಗೆ ಐನೋರ ಮನೆಯಲ್ಲಿ ಧೂಪದ್ದು. ನಡುವೆ ಕಲಾಯಿ ಸಾಬರ ಮನೆ. ಹಿತ್ತಾಳೆ ಪಾತ್ರೆಗೆ ತವರ ಬಳಿಯುವಾಗ ಅವರು ಉದುರಿಸುತ್ತಿದ್ದ ನವಸಾಗರದ ಪುಡಿಯ ಘಾಟು ಮೂಗು ಉರಿಸುತ್ತಿತ್ತು.

ನಮ್ಮಜ್ಜಿ ಗಂಗಮ್ಮ ಬಡವನಹಳ್ಳಿ ಕಡೆಯಿಂದ ಮದುವೆಯಾಗಿ ಬಂದವಳು. ಅವಳ ಲೆಕ್ಕದಲ್ಲಿ ಶಿರಾ ದೊಡ್ಡ ಪಟ್ಟಣ, ಪಟ್ಟಣದವರೆಲ್ಲ ಗುಮಾನಿಗೆ ಅರ್ಹರು. ಹಾಲಿನವಳು ನೀರು ಬೆರೆಸುತ್ತಾಳೆ, ನೇಕಾರರ ಸೊಸೆ ನಮ್ಮ ಮಾತು ಕದ್ದು ಕೇಳುತ್ತಾಳೆ, ಬೆಕ್ಕು ಬೇಕೆಂದೇ ಎಡಕ್ಕೆ ಹೋಗುತ್ತದೆ. ಬೆಂಕಿ ತರುವುದಾದರೆ ಐನೋರ ಮನೆಯಿಂದಲೇ ತರಬೇಕೆಂದು ಅವಳ ಕಟ್ಟಪ್ಪಣೆ. ಕಲಾಯಿ ಸಾಬರು ಬೆಳ್ಳಗೆ ಮಾಡಿಕೊಟ್ಟ ಪಾತ್ರೆಯಲ್ಲಿ ಸಾರು ಕುದಿಯಬಹುದು, ಅವರ ಬೆಂಕಿ ಮಾತ್ರ ನಮ್ಮ ಒಲೆಗೆ ಬರಕೂಡದು. ಈ ನ್ಯಾಯ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ನಾನು ತರುತ್ತಿದ್ದುದು ಸಾಬರ ಮನೆಯಿಂದಲೇ. ಹತ್ತಿರ ಎನ್ನುವುದು ನೆಪ. ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಇದ್ದಿಲು ಕೆಂಪಗಾಗಿರುತ್ತಿತ್ತು. ಸಾಬರ ಹೆಂಡತಿ ಖತೀಜಮ್ಮ "ಬಾ ಬೇಟಿ, ಸ್ವಲ್ಪ ಗಾಳಿ ಹಾಕು" ಎಂದು ತಿದಿಯ ಹಿಡಿ ನನ್ನ ಕೈಗೆ ಕೊಡುತ್ತಿದ್ದಳು. ಒತ್ತಿದಾಗಲೆಲ್ಲ ಕೆಂಡ ಉಸಿರಾಡುತ್ತಿತ್ತು. ಆ ಸುಖಕ್ಕೆ ಹತ್ತು ಸುಳ್ಳು ಹೇಳಲೂ ನಾನು ಸಿದ್ಧಳಿದ್ದೆ.

ಒಂದು ಬೆಳಿಗ್ಗೆ ಅಜ್ಜಿ ನನ್ನ ಬೋಕಿಗೆ ಮೂಗು ಒಡ್ಡಿ ಮೂಸಿದಳು.

"ಲೇ, ಯಾರ ಮನೇದೇ ಇದು?"

"ಐನೋರ ಮನೇದು ಕಣಜ್ಜಿ."

"ಐನೋರು ಯಾವಾಗ್ನಿಂದ ನವಸಾಗರ ಉರಿಸ್ತಾವ್ರೆ? ಸೌದೆ ಕೆಂಡ ಹಿಂಗಿರ್ತದಾ? ಇದು ಇದ್ಲು ಕಣೇ!"

ನಾನು ಬಾಯಿ ಬಿಡುವ ಮೊದಲೇ ನನ್ನ ಕೈ, ಇದ್ದಿಲ ಮಸಿ ಅಂಟಿದೆಯೇನೋ ಎಂದು, ಮೂಗು ಒರೆಸಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೆಣ್ಣುಮಗು ಬೀದಿ ಸುತ್ತುವುದು ಸಾಕು, ಇನ್ನು ಒಳಗಿರಲಿ ಎಂದು ಅಜ್ಜಿ ಆಗಲೇ ಗೊಣಗುತ್ತಿದ್ದಳು. ನಿಜ ಹೇಳಿದರೆ ಹೊಸ್ತಿಲೇ ನನ್ನ ಗಡಿ. ಹೆದರಿ ಅಂದುಬಿಟ್ಟೆ:

"ನಾನ್ ಕೇಳ್ಲಿಲ್ಲ ಅಜ್ಜಿ. ಖತೀಜಮ್ಮನೇ ದಿನಾ ಕೂಗಿ ಕರ್ದು ಹಾಕ್ತಾಳೆ."

ಅಜ್ಜಿ ಒಲೆಗೆ ನೀರು ಸುರಿದಳು. ಸಗಣಿ ಸಾರಿಸಿ, ದೇವರ ಗೂಡಿನಲ್ಲಿ ಬಚ್ಚಿಟ್ಟಿದ್ದ ಒಂದೇ ಒಂದು ಕಡ್ಡಿ ಗೀರಿ ಹೊಸ ಬೆಂಕಿ ಮಾಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಸಾಬರ ಬಾಗಿಲಿಗೆ ಎಳೆದೊಯ್ದಳು.

"ಏನ್ ಹುನ್ನಾರ ಖತೀಜಾ ನಿಂದು? ನಮ್ ಮಗೀನ ಕೂಗಿ ಕೂಗಿ ಬೆಂಕಿ ಹಾಕ್ತೀಯಂತಲ್ಲ?"

ಖತೀಜಮ್ಮ ನನ್ನತ್ತ ನೋಡಿದಳು. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ.

"ಹೌದು ಗಂಗಮ್ನೋರೆ, ನಾನೇ ಕರೆದೆ. ತಪ್ಪಾಯ್ತು. ಇನ್ಮೇಲೆ ಯಾರಿಗೂ ಕೊಡಾಕಿಲ್ಲ" ಎಂದಳು. ಆ ದಿನವೇ ಅವಳ ಹಿತ್ತಿಲ ಬಾಗಿಲಿಗೆ ಅಗುಳಿ ಬಿತ್ತು.

ಅದಾದ ನಾಲ್ಕನೆಯ ಬೆಳಿಗ್ಗೆ ಐನೋರ ಮನೆಯ ಗೌರಮ್ಮ ನಮ್ಮ ಜಗುಲಿಗೆ ಬಂದಳು. ಸೆರಗಿನಡಿ ಬೋಕಿ.

"ಒಂದೀಟು ಬೆಂಕಿ ಐತಾ ಗಂಗಮ್ಮ?"

"ನಿಮ್ಮನೆ ಬೆಂಕಿ ಆರೋದೇ ಇಲ್ಲ ಅಂತಿದ್ದೆ?"

ಗೌರಮ್ಮ ಉತ್ತರ ಹೇಳುವಷ್ಟರಲ್ಲಿ ನೇಕಾರರ ಸೊಸೆ ಬಂದಳು. ಅವಳ ಹಿಂದೆ ಹಾಲಿನವಳು. ಮೂವರೂ ಒಬ್ಬರ ಬೋಕಿ ಒಬ್ಬರು ಕಂಡು ಮುಖ ತಿರುಗಿಸಿಕೊಂಡರು. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಷ್ಟ್ ದಿನ ಎಲ್ಲಿಂದ ತರ್ತಿದ್ರಿ?"

ಗೌರಮ್ಮ ರೇಗಿದಳು: "ಎಲ್ಲಿಂದ ಅಂದ್ರೆ? ಬೆಂಕಿ ಎಲ್ಲೈತೋ ಅಲ್ಲಿಂದ. ಹಿತ್ಲಿಂದ ಇಸ್ಕೊಂಡು ಬರ್ತಿದ್ವಿ. ನೀನು ಹೋಗಿ ಬಾಯ್ ಮಾಡಿ ಅದನ್ನೂ ಕೆಡಿಸ್ಬುಟ್ಟೆ."

ಬೀದಿಗೆ ಬೀದಿಯೇ ಸಾಬರ ಬೆಂಕಿಯಲ್ಲಿ ಬೇಯಿಸಿ, ಐನೋರ ಮನೆಯದೆಂದು ಉಣ್ಣುತ್ತಿತ್ತು. ಎಲ್ಲರ ಮೇಲೂ ಅನುಮಾನ ಪಟ್ಟಿದ್ದ ಅಜ್ಜಿ ಈ ಒಂದನ್ನು ಮಾತ್ರ ಊಹಿಸಿರಲಿಲ್ಲ. ಸೊಂಟದ ಮೇಲಿನ ಕೈ ಇಳಿಸಿ ನನ್ನನ್ನು ಕರೆದಳು.

"ಹೋಗು, ಖತೀಜನ್ನ ಕೇಳು. ಅಜ್ಜಿ ಬೆಂಕಿ ಇಸ್ಕೊಂಬಾ ಅಂದವ್ಳೆ ಅನ್ನು."

ನಮ್ಮ ಒಲೆಯಲ್ಲಿ ಬೆಂಕಿ ಉರಿಯುತ್ತಲೇ ಇತ್ತು. ತಪ್ಪಾಯಿತೆಂದು ಹೇಳಲು ಅಜ್ಜಿಗೆ ಬೇರೆ ದಾರಿ ತಿಳಿದಿರಲಿಲ್ಲ.

ನಾನು ಓಡಿದೆ. ಖತೀಜಮ್ಮ ಬಾಗಿಲು ತೆರೆದಳು, ಮುಖದಲ್ಲಿ ಸಿಟ್ಟಿರಲಿಲ್ಲ.

"ಅಜ್ಜಿನೇ ಹೇಳಿದ್ರಾ?"

"ಹೂಂ."

ಅವಳು ನನ್ನನ್ನು ದಾಟಿಕೊಂಡು ಬೀದಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಜಗುಲಿಯತ್ತ ನೋಡಿದಳು. ಅಲ್ಲಿಂದ ಅಜ್ಜಿ ತಲೆಯಾಡಿಸಿದಳು. ಆಮೇಲಷ್ಟೇ ಒಳಗೆ ಹೋಗಿ ಇಕ್ಕಳ ತೆಗೆದುಕೊಂಡಳು.

ಮತ್ತೆ ಬೀದಿಯ ಎಲ್ಲ ಮಾಡುಗಳಿಂದ ಹೊಗೆ ಎದ್ದಿತು. ಹಾಲಿನವಳೂ ನೇಕಾರರ ಸೊಸೆಯೂ ಹಗಲಿನಲ್ಲೇ ಹೋಗಿ ಬೆಂಕಿ ತಂದರು. ನಾನು ಹೋದಾಗ ಮಾತ್ರ ಖತೀಜಮ್ಮ ಒಂದು ಸಲ ಹೊರಗೆ ಬಂದು ನಮ್ಮ ಜಗುಲಿ ನೋಡುವಳು. ತಿದಿಯ ಹಿಡಿ ಮತ್ತೆ ನನ್ನ ಕೈಗೆ ಬರಲಿಲ್ಲ, ನಾನೂ ಕೇಳಲಿಲ್ಲ.

ಈಗ ಆ ಬೀದಿಯಲ್ಲಿ ಕಲಾಯಿಯವರಿಲ್ಲ, ಹಿತ್ತಾಳೆ ಪಾತ್ರೆಗಳೂ ಇಲ್ಲ. ಗುಂಡಿ ತಿರುಗಿಸಿದರೆ ಒಲೆ ಹೊತ್ತುತ್ತದೆ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದೆ ದಿನ ಕಳೆಯುತ್ತದೆ. ಅದಕ್ಕೂ ನನಗೆ ಬೇಸರವಿದೆ. ಆದರೆ ಹೆಚ್ಚು ನೋಯುವುದು ಬೇರೆ. ನಾನು ಸುಳ್ಳು ಹೇಳಿದೆನೆಂದು ಅಜ್ಜಿಗೆ ಸಾಯುವವರೆಗೂ ತಿಳಿಯಲಿಲ್ಲ, ಖತೀಜಮ್ಮ ಹೇಳಲಿಲ್ಲ. ಅಜ್ಜಿಗೆ ಊರಿನವರೆಲ್ಲರ ಮೇಲೂ ಗುಮಾನಿ. ಖತೀಜಮ್ಮ ಇಡೀ ಬೀದಿಯಲ್ಲಿ ಅನುಮಾನಿಸಿದ್ದು ಒಬ್ಬಳನ್ನೇ, ಅದೂ ಸರಿಯಾಗಿಯೇ.