ಹಲ್ಲಿಗೆ ಕೇಳಿದ ಸದ್ದು

ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಬಳ್ಳಾರಿಯ ಕಾಲೇಜಿನಲ್ಲಿ ಮೂರು ವರ್ಷವನ್ನು ಎರಡೇ ಅಂಗಿಯಲ್ಲಿ ಕಳೆದು ಬಿ.ಎಸ್ಸಿ. ಮಾಡಿದೆ. ಆದರೆ ನನ್ನ ಓದಿನ ಮೊದಲ ಪೆಟ್ಟು ಬಿದ್ದದ್ದು ಅಪ್ಪನಿಗೆ.

ಅಪ್ಪ ಲಾರಿ ಮೇಸ್ತ್ರಿ. ಕಂಟೋನ್ಮೆಂಟಿನ ಆಚೆ ಒಂದು ತಗಡಿನ ಶೆಡ್ಡು. ಗೇರ್‌ಬಾಕ್ಸ್ ಗರಗರ ಅಂದರೂ, ಹಿಂದಿನ ಚಕ್ರಗಳ ನಡುವಿನ ಹೌಸಿಂಗ್ ಕರಕರ ಅಂದರೂ, ಬಿಚ್ಚುವ ಮೊದಲೇ ಕೆಟ್ಟ ಜಾಗ ಹೇಳುತ್ತಿದ್ದ. ಮೊದಲು ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ ಕ್ಲಚ್ ತುಳಿಸುವುದು. ತುಳಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಮೇಲೆ ಅನುಮಾನ. ನಿಂತಲ್ಲಿ ಸದ್ದೇ ಇಲ್ಲ, ಓಡುವಾಗ ಮಾತ್ರ ಬರುತ್ತದೆ ಎಂದರೆ ಹಿಂಬದಿಗೆ ಜಾಕ್ ಕೊಟ್ಟು, ಚಕ್ರ ನೆಲ ಬಿಡಿಸಿ, ಗೇರ್ ಹಾಕಿ ತಿರುಗಿಸುವುದು. ಬೇರೆ ಮೇಸ್ತ್ರಿಗಳು ಆಗ ಕಬ್ಬಿಣದ ಕಡ್ಡಿಯೊಂದನ್ನು ಹೌಸಿಂಗಿಗೆ ಒತ್ತಿ ಅದರ ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದರು. ಅಪ್ಪ ಮಾತ್ರ ಆ ಕಡ್ಡಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದ.

ಚಿಕ್ಕಂದಿನಿಂದ ಸೋರಿ ಸೋರಿ ಅಪ್ಪನ ಕಿವಿ ಮಂದವಾಗಿತ್ತು. ಅದು ಗೊತ್ತಿದ್ದದ್ದು ಅವ್ವನಿಗೆ, ನನಗೆ. ಶೆಡ್ಡಿನಲ್ಲಿ ಎಂಜಿನ್ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರಿಂದ ಬೇರೆ ಯಾರಿಗೂ ತಿಳಿದಿರಲಿಲ್ಲ. ಮೇಸ್ತ್ರಿಗೆ ಕಿವಿಯಿಲ್ಲ ಎಂದು ಊರಿಗೆ ಗೊತ್ತಾದರೆ ಆ ಶೆಡ್ಡಿಗೆ ಗಾಡಿ ಬರುವುದು ಅಲ್ಲಿಗೇ ಮುಗಿಯಿತು.

ನನ್ನ ಫಲಿತಾಂಶ ಬಂದ ವಾರ ದೇಶನೂರಿನ ಸಾಹುಕಾರರೊಬ್ಬರು ಓಡುವಾಗ ಕರಕರ ಅನ್ನುತ್ತಿದ್ದ ಭತ್ತದ ಲಾರಿ ತಂದರು. ಅಪ್ಪ ಹಿಂಬದಿಗೆ ಜಾಕ್ ಕೊಟ್ಟು, ಚಕ್ರ ತಿರುಗಿಸಿ, ಕಡ್ಡಿ ಕಚ್ಚಿ ಕೂತ. ಸಾಹುಕಾರರು ನಕ್ಕರು.

"ಏನ್ರಿ ಮೇಸ್ತ್ರಿ, ಎಣ್ಣಿ ರುಚಿ ನೋಡಾಕ ಹತ್ತೀರೇನು?"

ಅಪ್ಪ ಕಣ್ಣು ತೆರೆಯಲಿಲ್ಲ. ನಾನು ಸುಮ್ಮನಿರಬೇಕಿತ್ತು. ಇಸ್ತ್ರಿ ಅಂಗಿ ತೊಟ್ಟಿದ್ದೆ, ಭೌತಶಾಸ್ತ್ರ ಹೊಸದಾಗಿ ತಲೆಯಲ್ಲಿತ್ತು.

"ಹಂಗಲ್ರಿ. ಸಪ್ಪಳ ಗಾಳಿಯಾಗಷ್ಟ ಬರೂದಿಲ್ಲ. ಹಲ್ಲಿಂದ ಎಲುಬಿನಾಗ ಹಾದು ಒಳಗಿವಿಗೆ ಹೋಗ್ತೈತಿ. ಕಿವಿ ಮಂದ ಇದ್ದವ್ರಿಗೂ ಹಿಂಗ ಚಲೋ ಕೇಳತೈತಿ. ಇದು ಸೈನ್ಸ್‌ರಿ."

ಸಾಹುಕಾರರ ನಗು ನಿಂತಿತು. ಡ್ರೈವರನಿಗೆ ಸನ್ನೆ ಮಾಡಿ ಎಂಜಿನ್ ನಿಲ್ಲಿಸಿ, ಅಪ್ಪನ ಬೆನ್ನ ಹಿಂದೆ ಹೋಗಿ ಮೆಲ್ಲಗೆ "ಮೇಸ್ತ್ರಿ" ಎಂದರು. ಅಪ್ಪ ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಗಲೂ ಇಲ್ಲ.

ಕಡ್ಡಿ ಬಿಟ್ಟು ಎದ್ದ ಅಪ್ಪ, "ಗೇರ್‌ಬಾಕ್ಸ್ ಮುಟ್ಟಬ್ಯಾಡ್ರಿ. ಹಿಂದ ಪಿನಿಯನ್ ಬೇರಿಂಗ್ ಹೋಗೈತಿ. ಹಿಂಗ ಓಡಿಸಿದ್ರ ಕ್ರೌನ್ ಹಲ್ಲು ತಿಂತೈತಿ" ಎಂದ.

"ನೋಡೂಣು ತಗೋರಿ" ಎಂದು ಸಾಹುಕಾರರು ಜಾಕ್ ಇಳಿಸಿ ಲಾರಿ ಹೊರಡಿಸಿದರು. ಬೇರೆ ಶೆಡ್ಡಿನಲ್ಲಿ ಗೇರ್‌ಬಾಕ್ಸನ್ನೇ ಬಿಚ್ಚಿ ಜೋಡಿಸಿದರಂತೆ. ಎಂಟು ದಿನಕ್ಕೆ ಕುರುಗೋಡಿನ ಹತ್ತಿರ, ತುಂಬಿದ ಭತ್ತದ ಸಮೇತ, ಹಿಂದಿನ ಚಕ್ರ ಬಿಗಿದು ಲಾರಿ ರಸ್ತೆಯಲ್ಲೇ ಕುಳಿತಿತು. ಹೌಸಿಂಗ್ ತೆಗೆದಾಗ ಚಕ್ರ ತಿರುಗಿಸುವ ಆ ಕ್ರೌನ್ ಗಾಲಿಯ ಹಲ್ಲುಗಳು ಎಣ್ಣೆಯಲ್ಲಿ ಚೂರಾಗಿ ಬಿದ್ದಿದ್ದವು.

ಅಪ್ಪ ಹೇಳಿದ್ದೇ ಸರಿಯಾಯಿತಲ್ಲ, ಇನ್ನು ಜನ ವಾಪಸು ಬರುತ್ತಾರೆ ಎಂದುಕೊಂಡೆ. ಸಿರುಗುಪ್ಪದವರೆಗೆ ಹೋದದ್ದು ಬೇರೆಯೇ ಸುದ್ದಿ. ಮೇಸ್ತ್ರಿ ಕಿವುಡ. ಮುರಿದ ಕ್ರೌನಿನ ಮಾತು ಯಾರೂ ಆಡಲಿಲ್ಲ.

ಒಂದು ದಿನ ಖಾಲಿ ಶೆಡ್ಡಿನಲ್ಲಿ ಕೂತಿದ್ದಾಗ ತಡೆಯಲಾಗದೆ ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದೆ.

"ಅಪ್ಪಾ, ನನ್ನಿಂದ ಕೆಟ್ಟಿತು."

"ನೀ ಹೇಳಿದ್ದು ಖರೇನ ಐತಲ್ಲ ತಮ್ಮಾ" ಎಂದ ಅಪ್ಪ. ಮೂಲೆಯ ಕಡ್ಡಿ ಕೈಗೆತ್ತಿಕೊಂಡು, "ಹಲ್ಲಿಗೆ ಯಾಕ ಕೇಳತೈತಿ ಅಂತ ನನಗೂ ಇಷ್ಟು ದಿನ ತಿಳಿದಿದ್ದಿಲ್ಲ" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ವರ್ಷದೊಳಗೆ ಶೆಡ್ಡು ಬಿಟ್ಟುಕೊಟ್ಟು ಅಪ್ಪ ಇನ್ನೊಬ್ಬರಲ್ಲಿ ಗ್ರೀಸ್ ತುಂಬುವ ಕೆಲಸಕ್ಕೆ ಸೇರಿದ. ನನಗೆ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಒಮ್ಮೆ ಅಪ್ಪ ಕೆಲಸಕ್ಕಿದ್ದ ಶೆಡ್ಡಿಗೆ ಹೋದಾಗ ಒಂದು ಲಾರಿ ಹಿಂಬದಿಯಲ್ಲಿ ಕರಕರ ಅನ್ನುತ್ತ ಒಳಗೆ ಬಂತು. ಅಪ್ಪ ಚಕ್ರದ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದ. ಶೆಡ್ಡಿನ ಮಾಲೀಕ ನನ್ನ ಕಡೆ ತಿರುಗಿ, "ಅವ್ರಿಗೆ ಜರಾ ಸರಿಯಾಕ ಹೇಳ್ರಿ ಮೇಷ್ಟ್ರ, ಸಪ್ಪಳ ನೋಡಬೇಕಾಗೈತಿ" ಎಂದ.

ನಾನು ಅಪ್ಪನ ಭುಜ ಮುಟ್ಟಿದೆ. ಅಪ್ಪ ಗ್ರೀಸ್ ಡಬ್ಬಿ ಎತ್ತಿಕೊಂಡು ಪಕ್ಕಕ್ಕೆ ಸರಿದ.