ನಾನು ಸರಿಸಿದ ಬಟ್ಟಲು

ಮೊನ್ನೆ ಸೊಸೆ ಫೋನಿನಲ್ಲಿ ಮಾತಾಡುತ್ತ ಮೈಮರೆತಳು. ಹೆಂಚಿನ ಮೇಲೆ ರೊಟ್ಟಿ ಸೀದು ಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿಕೋಟಾದ ಕಾಕು ನೆನಪಾದರು...

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನನ್ನ ಸಂಬಂಧಿಕರಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಡುವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಕಳೆದುಕೊಂಡಿದ್ದರು. ಒಬ್ಬರೇ ಇದ್ದರು. ಅರವತ್ತರ ದಶಕದ ಆ ದಿನಗಳಲ್ಲಿ ನಾನು ವಿಜಾಪುರದ ಒಂದು ಕಚೇರಿಗೆ ಹೊಸದಾಗಿ ಸೇರಿದ್ದೆ. ಇಂಥವರು ತಮ್ಮ ಮನೆಯಲ್ಲೇ ಬದುಕುವಂತೆ ಕಲಿಸಲು ಕಚೇರಿಯಿಂದ ಒಬ್ಬ ಶಿಕ್ಷಕಿ ಹೋಗುತ್ತಿದ್ದರು. ಉಪ್ಪಿನ ಡಬ್ಬಿಗೆ ಒಂದು ಗಂಟಿನ ದಾರ, ಖಾರದ್ದಕ್ಕೆ ಎರಡು. ಬಾಗಿಲಿನಿಂದ ಬಾವಿಯವರೆಗೆ ಹಗ್ಗ. ಕಲಿಸಿದ್ದು ಉಪಯೋಗಕ್ಕೆ ಬಂದಿದೆಯೇ ಎಂದು ನೋಡಿ ಬರೆಯುವುದು ನನ್ನ ಕೆಲಸ. 'ಇಲ್ಲ' ಎಂದು ಬರೆದರೆ ಕಾಕು ಮನೆ ಬಿಟ್ಟು ದೂರದ ಆಶ್ರಮ ಸೇರಬೇಕಿತ್ತು.

ನಾನು ನೋಡಲು ತಿಕೋಟಾಕ್ಕೆ ಹೋದ ದಿನ ಕಾಕು ರೊಟ್ಟಿ ಬಡಿದು ಹೆಂಚಿಗೆ ಹಾಕಿದರು. ಮೇಲೆ ನೀರು ಸವರಲು ಬಟ್ಟಲಿಗೆ ಕೈ ಚಾಚಿದರೆ ಅದು ಸಿಗಲಿಲ್ಲ. ತಡಕಾಡುತ್ತಿದ್ದ ಕೈ ಕಾದ ಹೆಂಚಿಗೆ ತಾಗಿತು. ರೊಟ್ಟಿ ಸೀಯಿತು. ಅವರು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡರು. ನಾನು 'ಒಲೆಯ ಕೆಲಸ' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಾಗದ ಮಡಿಸುವಾಗ ನೋಡಿದೆ, ಹಿಂಬದಿಯಲ್ಲಿ ದುಂಡನೆಯ ಒದ್ದೆ ಗುರುತು. ಕಾಗದ ಹರಡಲು ಜಾಗ ಬೇಕೆಂದು ಆ ಬಟ್ಟಲನ್ನು ಸರಿಸಿದ್ದು ನಾನೇ.

ಮರುದಿನ ಮುಂಜಾನೆ ಮತ್ತೆ ತಿಕೋಟಾಕ್ಕೆ ಹೋದೆ.

"ಕಾಕು, ನಿನ್ನೆ ಬಟ್ಟಲಾ ಸರಿಸಿದಾಕಿ ನಾನರಿ," ಎಂದೆ.

"ಗೊತ್ತೈತ್ರಿ ಬಾಯಾರ."

"ಮತ್ತ ಯಾಕ ಹೇಳಲಿಲ್ಲರಿ?"

"ಹೇಳಿದ್ರ, ಕುರುಡಿ ನೆವಾ ಹೇಳಾಕತ್ತಾಳ ಅಂತ ಬರಕೊಂತಿದ್ರಿ."

ಹಾಗೇ ಬರೆಯುತ್ತಿದ್ದೆನೇನೋ... ಆ ದಿನ ಏನನ್ನೂ ಮುಟ್ಟದೆ ಮೂಲೆಯಲ್ಲಿ ಕೂತೆ. ಸುಟ್ಟ ಬೆರಳನ್ನು ಎತ್ತಿ ಹಿಡಿದೇ ಕಾಕು ಆರು ರೊಟ್ಟಿ ಮಾಡಿದರು. ಒಂದೂ ಸೀಯಲಿಲ್ಲ.

'ಇಲ್ಲ' ಎಂಬುದನ್ನು ಹೊಡೆದುಹಾಕಿ, ನಡೆದದ್ದನ್ನೆಲ್ಲ ನನ್ನ ತಪ್ಪಿನ ಸಮೇತ ಬರೆದೆ. ಕಚೇರಿಯ ಸಾಹೇಬರು ಅದನ್ನು ಎರಡು ಸಲ ಓದಿದರು. ನೌಕರಿ ಹೋಯಿತೆಂದೇ ನಾನು ನಿಂತಿದ್ದೆ. "ಇನ್ನ ಮುಂದ ಯಾರ ಮನ್ಯಾಗೂ ಏನೂ ಸರಸಬ್ಯಾಡ್ರಿ," ಎಂದಷ್ಟೇ ಹೇಳಿ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಮೈಯೆಲ್ಲ ಹಗುರಾಗಿತ್ತು. ತಿಕೋಟಾಕ್ಕೆ ಹೋಗಿ, ಇನ್ನು ಈ ಮನೆಯಲ್ಲೇ ಇರಬಹುದೆಂದು ಹೇಳಿದಾಗ ಕಾಕು ದೀರ್ಘವಾಗಿ ಉಸಿರುಬಿಟ್ಟು, "ಹಂಗಾರ ಹಿತ್ತಲದಾಗ ಬದನಿ ಸಸಿ ಹಚ್ಚತೇನಿ," ಎಂದರು.

ಆಮೇಲೆ ಬಹಳ ವರ್ಷ ಅವರು ಅದೇ ಮನೆಯಲ್ಲಿದ್ದರು. ಅಲ್ಲೇ ತೀರಿಕೊಂಡರೆಂದು ನನಗೆ ತಿಳಿಯುವಷ್ಟರಲ್ಲಿ ತಿಂಗಳು ಕಳೆದಿತ್ತು. ಈಗ ನನ್ನ ಕಣ್ಣೂ ಮಂದವಾಗಿದೆ. ಅಂದು ನನಗೆ ಕೇಳಲು ತೋಚದ ಎಷ್ಟೋ ಪ್ರಶ್ನೆಗಳನ್ನು ಈಗ ಕೇಳಬೇಕೆನಿಸುತ್ತದೆ. ಹೇಳಿಕೊಡಲು ಕಾಕು ಇಲ್ಲ.