ಗಾಜಿನ ಮೇಲಿಲ್ಲದ ಊರು

ಕಾಪುವಿನ ಕರುಣಾಕರ ಮಾಸ್ಟ್ರು ಕಲಿಸಿದ ಗಣಿತ ಯಾರ ತಲೆಯಲ್ಲಿ ಉಳಿದಿದೆಯೋ ಗೊತ್ತಿಲ್ಲ. ಕಾರ್ಕಳದಿಂದ ಹೆಜಮಾಡಿಯವರೆಗೆ ಮೂವತ್ತು ಮನೆಗಳಿಗೆ ಅವರು ರೇಡಿಯೊ ಆರಿಸಿಕೊಟ್ಟದ್ದು ಮಾತ್ರ ಎಲ್ಲರಿಗೂ ನೆನಪಿದೆ. ಅವರ ಸ್ವಂತ ಮನೆಯಲ್ಲಿ ರೇಡಿಯೊ ಇರಲಿಲ್ಲ. ಮಾತಾಡುವವರು ಒಬ್ಬರಿದ್ದಾರೆ, ಅಷ್ಟು ಸಾಕು ಎಂದು ಹೆಂಡತಿ ಗುಣವತಿ ತೀರ್ಪು ಕೊಟ್ಟಾಗಿತ್ತು.

೧೯೬೪ರ ಡಿಸೆಂಬರಿನಲ್ಲಿ ಶಂಕರಪುರದ ಅಪೊಲೋನಿಯಾ ಬಾಯಿ ಅವರನ್ನು ಹುಡುಕಿಕೊಂಡು ಬಂದರು. ಗಂಡ ತೀರಿಕೊಂಡ ಮೇಲೆ ಮಲ್ಲಿಗೆ ಬೆಳೆದು, ಕಟ್ಟಿ, ಉಡುಪಿಗೆ ಕಳಿಸಿ ಒಬ್ಬನೇ ಮಗನನ್ನು ಸಾಕಿದ ಹೆಂಗಸು. ಆ ಮಗ ಲಿಯೋನೆಲ್ ಕುವೈತಿಗೆಂದು ಹೊರಟು ಎಂಟು ತಿಂಗಳಾಗಿತ್ತು. ಒಂದು ಕಾಗದವೂ ಬಂದಿರಲಿಲ್ಲ.

"ಕುವೈತು ಕೇಳುವ ರೇಡಿಯೊ ಬೇಕು, ಮಾಸ್ಟ್ರೆ. ಅಲ್ಲಿ ಎಂತಾದರೂ ಆದರೆ ಹೇಳ್ತಾರಲ್ವಾ?"

ಇಬ್ಬರೂ ಬಸ್ಸು ಹತ್ತಿ ಉಡುಪಿಯ ವಾಸುವಿನ ಅಂಗಡಿಗೆ ಹೋದರು. ವಾಸು ಮೊದಲು ಮುಂದಿಟ್ಟದ್ದು ಕರೆಂಟಿನಿಂದ ನಡೆಯುವ ದೊಡ್ಡ ವಾಲ್ವ್ ಸೆಟ್ಟು. ಬಾಯಿಯ ಮನೆಯಲ್ಲಿ ಕರೆಂಟೇ ಇಲ್ಲವೆಂಬುದು ಅವನಿಗೆ ಬೇಡವಾದ ವಿಷಯ. ಸೆಟ್ಟಿನ ಮುಖದ ಗಾಜಿನ ಮೇಲೆ ಜಗತ್ತಿನ ಊರುಗಳ ಹೆಸರಿತ್ತು. ಬಾಯಿ ಒಂದೊಂದನ್ನೂ ಓದಿಸಿದರು. ಕೊಲಂಬೊ, ಲಂಡನ್, ಕೈರೊ, ಪ್ಯಾರಿಸ್. ಕುವೈತು ಇರಲಿಲ್ಲ. ತನ್ನೂರಿಗೆ ಹೋಗದ ಬಸ್ಸನ್ನು ಬಿಟ್ಟ ಹಾಗೆ ಅದನ್ನು ಅಲ್ಲಿಗೇ ಬಿಟ್ಟರು.

"ಹೆಸರು ಬರೀ ಅಲಂಕಾರ, ಬಾಯಿ," ಎಂದರು ಮಾಸ್ಟ್ರು. "ಪ್ಯಾರಿಸ್ಸಿನ ಮೇಲೆ ಮುಳ್ಳು ನಿಲ್ಲಿಸಿದರೆ ಚೀನಾದವ ಮಾತಾಡ್ತಾನೆ."

"ಹೆಸರೇ ಹಾಕದವರಿಗೆ ಆ ಊರು ಎಲ್ಲಿ ಉಂಟು ಅಂತ ಹೇಗೆ ಗೊತ್ತು?"

ಶಾರ್ಟ್‌ವೇವನ್ನು ನಡುಹಗಲಲ್ಲಿ ಪರೀಕ್ಷೆ ಮಾಡುವುದು ಮಾಸ್ಟ್ರ ಜಾಯಮಾನವಲ್ಲ, ದೂರದ ಸ್ಟೇಷನ್ನು ಸರಿಯಾಗಿ ಹಿಡಿಯುವುದೇ ಸಂಜೆಯ ಮೇಲೆ. ಬಿಸಿಲು ಇಳಿಯುವವರೆಗೆ ಅಂಗಡಿಯ ಬೆಂಚಿನಲ್ಲೇ ಕೂತರು. ವಾಸು ಎರಡು ಸಲ ಚಾ ತರಿಸಿ ಸುಸ್ತಾದ.

ಸಂಜೆಗೆ ಬ್ಯಾಟರಿಯ ಎರಡು ಟ್ರಾನ್ಸಿಸ್ಟರ್ ಹಿಡಿದರು. ಸಣ್ಣದರಲ್ಲಿ ಶಾರ್ಟ್‌ವೇವ್ ಪೂರ್ತಿ ಒಂದೇ ಪಟ್ಟಿಯಲ್ಲಿ ತುರುಕಿತ್ತು. ತಿರುಗಣೆ ಕೂದಲೆಳೆಯಷ್ಟು ತಿರುಗಿದರೂ ಮೂರು ದೇಶಗಳು ಒಟ್ಟಿಗೆ ಬಾಯಿ ಹಾಕುತ್ತಿದ್ದವು. ಇನ್ನೊಂದರಲ್ಲಿ ಅದೇ ಪಟ್ಟಿ ಎರಡು ಭಾಗವಾಗಿ ಅಗಲವಾಗಿತ್ತು, ಸೂಕ್ಷ್ಮಕ್ಕೆ ಬೇರೆ ತಿರುಗಣೆಯೂ ಇತ್ತು. ಮಾಸ್ಟ್ರು ಪಕ್ಕದಲ್ಲೇ ಫ್ಯಾನು ಹಾಕಿಸಿ ರೇಡಿಯೊದಲ್ಲಿ ಗರಗರ ಎಷ್ಟು ಬರುತ್ತದೆಂದು ಕಿವಿಗೊಟ್ಟರು. ಒಂದು ಸ್ಟೇಷನ್ನಿಗೆ ನಿಲ್ಲಿಸಿ, ಕಾಲು ಗಂಟೆ ಕಣ್ಣು ಮುಚ್ಚಿ ಕೂತರು. ಸ್ವರ ಜಾರಲಿಲ್ಲ.

"ಇದೇ," ಎಂದರು.

ಶಂಕರಪುರದಲ್ಲಿ ಎರಡು ತೆಂಗಿನಮರಗಳ ನಡುವೆ ರೇಡಿಯೊದ ಏರಿಯಲ್ ತಂತಿ ಎಳೆದರು. ಮೂರನೆಯ ಸಂಜೆ ಅರಬ್ಬಿ ಮಾತಿನ ನಡುವೆ ಕುವೈತ್ ಎಂಬ ಶಬ್ದ ಸ್ಪಷ್ಟವಾಗಿ ಕೇಳಿತು. ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, "ಎಂತ ಹೇಳಿದ?" ಎಂದರು.

ಮಾಸ್ಟ್ರಿಗೆ ಅರಬ್ಬಿಯ ಒಂದಕ್ಷರ ಬಾರದು. ಆದರೆ ಆ ಮುಖ ನೋಡಿಕೊಂಡು ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಎಲ್ಲರೂ ಕ್ಷೇಮವಂತೆ," ಎಂದರು.

ಒಂದು ಸೆಟ್ಟಿನ ವಿಷಯದಲ್ಲೂ ಯಾರಿಗೂ ಸುಳ್ಳು ಹೇಳದ ಮನುಷ್ಯ ಅಲ್ಲಿಂದ ಪ್ರತಿ ಶನಿವಾರ ಸೈಕಲ್ಲಿನಲ್ಲಿ ಹೋಗಿ ಸುದ್ದಿ ಹುಟ್ಟಿಸತೊಡಗಿದರು. ಅಲ್ಲಿ ಈಗ ಚಳಿಯಂತೆ. ಹೊಸ ಆಸ್ಪತ್ರೆ ಕಟ್ಟುತ್ತಾರಂತೆ. ಊಟಕ್ಕೆ ಮೀನು ಧಾರಾಳವಂತೆ. ಹಿಂದೆ ಬರುವಾಗ ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು.

ಮಾರ್ಚಿನಲ್ಲಿ ಕಾಗದ ಬಂತು. ಮುದ್ರೆ ಬೊಂಬಾಯಿಯದು. ಬಾಯಿಗೆ ಓದು ಬಾರದು, ಮಾಸ್ಟ್ರೇ ಓದಬೇಕಾಯಿತು. ಕುವೈತಿಗೆ ಕಳಿಸುತ್ತೇನೆಂದ ಏಜೆಂಟ್ ಮೋಸ ಮಾಡಿದ್ದ. ಲಿಯೋನೆಲ್ ಹಡಗು ಹತ್ತಿದ್ದೇ ಇಲ್ಲ. ಅಂದಿನಿಂದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ. ಬರೆದರೆ ಮುದ್ರೆ ನೋಡಿ ತಿಳಿಯುತ್ತದೆಂದು ಬರೆದಿರಲಿಲ್ಲ. ಊರಿನವರಿಗೆ ಏನೆಂದು ಮುಖ ತೋರಿಸಲಿ, ಅಮ್ಮಾ, ಎಂದು ಕೇಳಿದ್ದ.

ಮಾಸ್ಟ್ರು ತಲೆ ಎತ್ತಲಿಲ್ಲ. ಬಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು, ಒಂದು ಇನ್‌ಲ್ಯಾಂಡ್ ಕಾಗದ ತಂದು ಮಾಸ್ಟ್ರ ಮುಂದಿಟ್ಟರು.

"ಅವನಿಗೆ ಬರೆಯಿರಿ, ಮಾಸ್ಟ್ರೆ. ಕುವೈತಿನ ಸುದ್ದಿ ಎಲ್ಲ ನನಗೆ ಗೊತ್ತುಂಟು. ಚಳಿ, ಆಸ್ಪತ್ರೆ, ಮೀನು, ಎಲ್ಲ. ಊರಲ್ಲಿ ಯಾರು ಕೇಳಿದರೂ ನಾನೇ ಹೇಳ್ತೇನೆ. ನೀನು ಎಂತ ಹೇಳುವುದೂ ಬೇಡ, ಮನೆಗೆ ಬಾ."